ಕತ್ತಲೆಯಲ್ಲಿ ಹೊಳೆಯುವ ಪುಡಿಗಳ ಬೆರಕೆ

ಗಡಿಯಾರದ ಮುಳ್ಳಾಗಲಿ, ಸ್ವಿಚ್ಚಿನ ಮೇಲಿನ ಚುಕ್ಕೆಯಾಗಲಿ, ಕತ್ತಲೆಯಲ್ಲಿ ಹೊಳೆದರೆ ಸಾಕು, ನಮ್ಮ ಜನ ಅದನ್ನು 'ರೇಡಿಯಂ' ಎನ್ನುವುದುಂಟು. ಹೆಸರು ಉಳಿದಿದೆ, ವಸ್ತು ಬದಲಾಗಿದೆ. ಈಗ ದೊರೆಯುವ ಒಳ್ಳೆಯ ಹಸುರು ಪುಡಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ವಸ್ತು. ಅದರಲ್ಲಿ ಯೂರೋಪಿಯಂ, ಡಿಸ್ಪ್ರೋಸಿಯಂ ಎಂಬ ಲೋಹಗಳ ಅಲ್ಪಾಂಶ ಸೇರಿರುತ್ತದೆ. 1993ರಲ್ಲಿ ಜಪಾನಿನ ನೆಮೋಟೊ ಸಂಸ್ಥೆಯವರು ಇದನ್ನು ಸಿದ್ಧಪಡಿಸಿದರು. ಬಿದ್ದ ಬೆಳಕನ್ನು ಹೀರಿಟ್ಟುಕೊಂಡು, ಕತ್ತಲಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೊರಬಿಡುವುದು ಇದರ ಗುಣ.

ಇಂಥ ಹಸುರು ಪುಡಿಗೆ ಕೆಂಪು ಪುಡಿ ಬೆರೆಸಿದರೆ ಯಾವ ಬಣ್ಣ ಬಂದೀತು? ಗೋಡೆಗೆ ಬಳಿಯುವ ಬಣ್ಣವಾದರೆ ಮಾಸಲು ಕಂದು ಬರುತ್ತದೆ. ಆ ಬಣ್ಣಗಳು ಬೆಳಕನ್ನು ನುಂಗುವಂಥವು. ಎರಡು ಕೂಡಿದರೆ ನುಂಗುವುದು ಇನ್ನೂ ಹೆಚ್ಚು. ಹೊಳೆಯುವ ಪುಡಿಗಳಾದರೋ ಬೆಳಕನ್ನು ಕೊಡುವಂಥವು. ಕೆಂಪು ಬೆಳಕೂ ಹಸುರು ಬೆಳಕೂ ಕಣ್ಣಿನಲ್ಲಿ ಕೂಡಿದಾಗ ಹಳದಿ ಕಾಣಬೇಕು. ಮಾಡಿಯೇ ನೋಡೋಣ.

ನಾಲ್ಕು ರಟ್ಟಿನ ತುಂಡುಗಳನ್ನು ತೆಗೆದುಕೊಳ್ಳಿರಿ. ಪುಡಿಯನ್ನು ಬಣ್ಣವಿಲ್ಲದ ವಾರ್ನಿಷಿನಲ್ಲಿ ಕಲಸಿರಿ. ನೀರು ತಗಲಿದರೆ ಹಸುರು ಪುಡಿ ಕೆಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ.

1. ಹಸುರು ಮಾತ್ರ.
2. ಕೆಂಪು ಮಾತ್ರ.
3. ಎರಡೂ ಸಮಪಾಲು.
4. ಹಸುರು ಒಂದು ಪಾಲು, ಕೆಂಪು ನಾಲ್ಕು ಪಾಲು.

ಒಣಗಿದ ಮೇಲೆ ಹತ್ತು ನಿಮಿಷ ಬಿಸಿಲಿಗೆ ಹಿಡಿದು, ಕತ್ತಲೆಯ ಕೋಣೆಗೆ ಒಯ್ಯಿರಿ. ಮೊದಲು ಎರಡನೆಯ ತುಂಡನ್ನು ನೋಡಿರಿ. ಹಗಲಲ್ಲಿ ಕೆಂಪಾಗಿದ್ದು ಕತ್ತಲೆಯಲ್ಲಿ ಹಸುರಾಗಿ ಹೊಳೆಯುವ ಪುಡಿಯೂ ಉಂಟು. ಅಂಥದು ಈ ಪ್ರಯೋಗಕ್ಕೆ ಬಾರದು. ಮೂರನೆಯದರಲ್ಲಿ ಹಸುರೇ ಮೇಲುಗೈ. ನಾಲ್ಕನೆಯದು ಹಳದಿಯ ಕಡೆಗೆ ವಾಲುತ್ತದೆ. ಆದರೆ ಹೊತ್ತು ಕಳೆದಂತೆ ಅದೂ ಹಸುರಿಗೇ ತಿರುಗುತ್ತದೆ.

ಇದಕ್ಕೆ ಕಾರಣ ಎರಡು. ಕೆಂಪು ಪುಡಿಯ ಕಾಂತಿ ಮೊದಲಿನಿಂದಲೂ ಕಡಿಮೆ, ಅದು ಆರುವುದೂ ಬೇಗ. ಅಲ್ಲದೆ, ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಮಂಕಾಗಿ, ಹಸುರು ಚೆನ್ನಾಗಿ ಕಾಣುತ್ತದೆ.

ಆದುದರಿಂದ ಬೆರಕೆಯನ್ನು ಮೊದಲ ನಿಮಿಷದ ಸೊಗಸಿನಿಂದ ಅಳೆಯಬಾರದು. ಬೇಕಾದ ಹೊತ್ತಿಗೆ ಉಳಿದಿರುವ ಬೆಳಕಿನಿಂದ ಅಳೆಯಬೇಕು. ಆಟಿಕೆಗೆ, ಅಲಂಕಾರಕ್ಕೆ ಯಾವ ಬೆರಕೆಯಾದರೂ ಆದೀತು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ, ಕರೆಂಟು ಹೋದಾಗ ಚಾಳಿನ ಮೆಟ್ಟಿಲ ಅಂಚು ಕಾಣಬೇಕಾದರೆ ಬರಿಯ ಹಸುರನ್ನೇ ಬಳಿಯುವುದು ಲೇಸು. ಆ ಮೆಟ್ಟಿಲ ಮೇಲೆ ಮೊದಲು ಬೆಳಕು ಬಿದ್ದಿರಬೇಕೆಂಬುದನ್ನೂ ಮರೆಯಬಾರದು.

ಒಂದು ಎಚ್ಚರಿಕೆ. ಹಳೆಯ ಗಡಿಯಾರಗಳಲ್ಲಿ ನಿಜವಾದ ರೇಡಿಯಂ ಇರಬಹುದು. ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ಆ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ ರೋಗಕ್ಕೆ ತುತ್ತಾದರು. ಅವರಲ್ಲಿ ಐವರು ಹೂಡಿದ ದಾವೆ 1928ರಲ್ಲಿ ರಾಜಿಯಾಯಿತು. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಹೊಳಪು ಹೋದ ಮಾತ್ರಕ್ಕೆ ವಿಷ ಹೋಗಿರುವುದಿಲ್ಲ. ಅಂಥ ಗಡಿಯಾರದ ಪುಡಿಯನ್ನು ಎಂದಿಗೂ ಕೆರೆದು ತೆಗೆಯಬೇಡಿರಿ.