ಬೇಲಿಯ ಮಧುನಾಶಿನಿ: ಎಷ್ಟು ನಂಬಬಹುದು?

ಸಕ್ಕರೆ ಕಾಯಿಲೆ ಈಗ ಪೇಟೆಯವರದಷ್ಟೇ ಅಲ್ಲ, ಹೊಲದಲ್ಲಿ ದುಡಿಯುವ ನಮಗೂ ಬಂದಿದೆ. ಅದರ ಹಿಂದೆಯೇ ಎಲೆ, ಪುಡಿ ಮಾರುವವರೂ ಬಂದಿದ್ದಾರೆ. ನಮ್ಮ ಬೇಲಿಯಲ್ಲೇ ಇರುವ ಮಧುನಾಶಿನಿಯ ವಿಷಯ ನಾನು ತಿಳಿದಷ್ಟು ಬರೆಯುತ್ತೇನೆ.

ಇದು ಬಳ್ಳಿ. ಎಲೆ ಜೋಡಿ ಜೋಡಿ, ಮುಟ್ಟಿದರೆ ಸಣ್ಣ ರೋಮ. ಹಳದಿ ಹೂವು, ಪುಟ್ಟ ಗೊಂಚಲು. ಕಾಯಿ ಒಡೆದರೆ ಎಕ್ಕದ ಬೀಜದ ಹಾಗೆ ರೇಷ್ಮೆಕೂದಲಿನ ಬೀಜ ಹಾರುತ್ತದೆ. ಎರಡೂ ಒಂದೇ ಕುಟುಂಬದವು. ಬಲ್ಲವರು ತೋರಿಸಿದ ಮೇಲೆ ಒಂದು ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿ, ಮರಳು ತಿಂದ ಹಾಗಾಗುತ್ತದೆ! ಉಪ್ಪು, ಹುಳಿ ಮಾತ್ರ ಗೊತ್ತಾಗುತ್ತವೆ. ಎಲೆಯ ಸಾರ ನಾಲಿಗೆಯ ಸಿಹಿ ಗುರುತಿಸುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಅಷ್ಟೇ. ನಾಲಿಗೆಗೆ ಮರಳಾದರೂ ತಿಂದ ಸಕ್ಕರೆ ರಕ್ತಕ್ಕೆ ಹೋಗಿಯೇ ಹೋಗುತ್ತದೆ. ಈ ಆಟ ತೋರಿಸಿಯೇ ಸಂತೆಯಲ್ಲಿ ಪುಡಿ ಮಾರುತ್ತಾರೆ.

ಹಾಗಾದರೆ ಗುಣವೇ ಇಲ್ಲವೇ? ಇದೆ. 1990ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನವೊಂದರಲ್ಲಿ 22 ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಂ ಎಲೆಸಾರವನ್ನು 18ರಿಂದ 20 ತಿಂಗಳು ಕೊಟ್ಟರು. ಸಕ್ಕರೆ ಇಳಿಯಿತು, ಕೆಲವರ ಮಾತ್ರೆಯನ್ನೂ ಕಡಿಮೆ ಮಾಡಲಾಯಿತು. ಆದರೆ ಗಮನಿಸಿ, ಸಾರ ಕೊಟ್ಟದ್ದು ಮಾತ್ರೆಯ ಜೊತೆಗೆ, ರಕ್ತಪರೀಕ್ಷೆ ಮಾಡುತ್ತಾ. 22 ಜನ ಅಂದರೆ ಲೆಕ್ಕಕ್ಕೆ ಬಹಳ ಕಡಿಮೆ.

ನಮ್ಮ ಪಕ್ಕದ ಹೊಲದ ಯಜಮಾನರು "ಗಿಡಮೂಲಿಕೆ ಐತಲ್ಲ, ಮಾತ್ರೆ ಯಾಕೆ" ಅಂತ ಮಾತ್ರೆ ಬಿಟ್ಟರು. ಆರು ತಿಂಗಳು ರಕ್ತಪರೀಕ್ಷೆಯೂ ಇಲ್ಲ. ಪಾದ ಜೋಮು ಹಿಡಿದಿತ್ತು, ಜಾಲಿಮುಳ್ಳು ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಹುಣ್ಣು ಮಾಗದೆ ಎರಡು ಬೆರಳು ತೆಗೆಯಬೇಕಾಯಿತು. ಈಗ ನೇಗಿಲ ಹಿಂದೆ ನಡೆಯೋದಕ್ಕಾಗೋದಿಲ್ಲ.

ಮಾತ್ರೆ ಬೇರೆ, ಗಿಡ ಬೇರೆ ಅನ್ನುವವರಿಗೆ ಒಂದು ಮಾತು. ಡಾಕ್ಟರು ಬರೆಯುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯುರೋಪಿನ ಗಲೀಗ ಎಂಬ ಗಿಡವೇ. ಆ ಗಿಡದ ಒಂದು ಅಂಶದ ಜಾಡು ಹಿಡಿದು, ಅಳತೆ ಗೊತ್ತುಮಾಡಿ, 1957ರಲ್ಲಿ ರೋಗಿಗಳಿಗೆ ಕೊಟ್ಟ ಫಲ ಪ್ರಕಟಿಸಿದರು. ನಾವು ಮುಷ್ಟಿಯಲ್ಲಿ ಅಗಿಯುವ ಎಲೆಗೆ ಆ ಅಳತೆ ಎಲ್ಲಿದೆ? ಚಿಕ್ಕ ಮಕ್ಕಳಿಗೆ ಬರುವ, ಇನ್ಸುಲಿನ್ ಚುಚ್ಚಲೇಬೇಕಾದ ಸಕ್ಕರೆ ಕಾಯಿಲೆಗಂತೂ ಯಾವ ಎಲೆಯೂ ಬದಲಿಯಲ್ಲ. ಚುಚ್ಚುಮದ್ದು ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಬೊಜ್ಜಿಗೆ ಮಲೆನಾಡಿನ ಉಪ್ಪಾಗೆ ಸಿಪ್ಪೆಯ ಸಾರ ಅಂತ ಮಾರುತ್ತಾರೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದಾಗ ಸುಳ್ಳುಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲ. ಸಾರಿಗೆ ಹುಳಿಯಾಗಿ ಹಾಕಿ, ಸಾಕು.

ಮಾತ್ರೆ ಜೊತೆ ಮಧುನಾಶಿನಿ ತಿನ್ನುವವರು ಡಾಕ್ಟರಿಗೆ ಹೇಳಿಯೇ ತಿನ್ನಿ. ಎರಡೂ ಸೇರಿ ಸಕ್ಕರೆ ತೀರಾ ಇಳಿಯಬಹುದು. ಬಿಸಿಲಲ್ಲಿ ಕಳೆ ತೆಗೆಯುವಾಗ ಬೆವರು, ಕೈನಡುಕ, ಕಣ್ಣುಕತ್ತಲೆ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಬೇಕು. ಬಾಯಿಗೆ ಸಿಹಿ ತಿಳಿಯದಿದ್ದರೂ ಅದು ಕೆಲಸ ಮಾಡುತ್ತದೆ.

ಬೆಳೆಸಬೇಕೆನ್ನುವವರು ಮುಂಗಾರಿನಲ್ಲಿ 3-4 ಗಿಣ್ಣಿನ ಕಡ್ಡಿ ಚೀಲದಲ್ಲಿ ಊರಿ, ಬೇರು ಬಂದ ಮೇಲೆ ಬೇಲಿಗುಂಟ ನೆಡಿ. ಎಲೆಯನ್ನು ನೆರಳಲ್ಲೇ ಒಣಗಿಸಬೇಕು. ಕೊಳ್ಳುವವರು ಯಾರು ಅಂತ ಗೊತ್ತುಮಾಡಿಕೊಳ್ಳದೆ ಹೊಲಕ್ಕೆಲ್ಲ ಹಾಕಬೇಡಿ.