ಪಾಠಾವಲೋಕನ: ಶಾಲೆ ಬಿಡಿಸಿದ ಊರು

ತರಗತಿ: 9
ವಿಷಯ: ಸಮಾಜ ವಿಜ್ಞಾನ
ಪಾಠಾಂಶ: ಮೂಲಭೂತ ಹಕ್ಕುಗಳು
ಅವಧಿ: 40 ನಿಮಿಷ

ಉದ್ದೇಶ: ಧಾರ್ಮಿಕ ಸ್ವಾತಂತ್ರ್ಯ ಮತ್ತು ಮಗುವಿನ ಶಿಕ್ಷಣದ ಹಕ್ಕು ಎದುರುಬದುರಾದಾಗ ವಿದ್ಯಾರ್ಥಿಗಳು ಕಾರಣಸಹಿತ ಅಭಿಪ್ರಾಯ ನೀಡುವರು.

ವಿಜಯನಗರದ ಒಂದು ಪ್ರೌಢಶಾಲೆಯಲ್ಲಿ ಈ ಪಾಠವನ್ನು ಎರಡು ವಿಭಾಗಗಳಿಗೆ ಬೋಧಿಸಿದೆ. ಉದಾಹರಣೆಗೆ ಆರಿಸಿಕೊಂಡದ್ದು ಅಮೆರಿಕದ ಅರಿಜೋನಾ–ಯೂಟಾ ಗಡಿಯಲ್ಲಿರುವ ಶಾರ್ಟ್ ಕ್ರೀಕ್. ಮಾರ್ಮನ್ ಚರ್ಚು 1890ರಲ್ಲಿ ಬಹುಪತ್ನಿತ್ವ ಕೈಬಿಟ್ಟಾಗ ಅದನ್ನು ಒಪ್ಪದವರ ಪಂಗಡವೊಂದು ಅಲ್ಲಿ ಹೊರಜಗತ್ತಿನಿಂದ ದೂರವಾಗಿ ನೆಲೆಸಿತು.

‘ಎ’ ವಿಭಾಗ: ಪೀಠಿಕೆಯಲ್ಲೇ ಎಡವಿದೆ. “ಒಬ್ಬರಿಗೆ ಹಲವು ಹೆಂಡತಿಯರಿದ್ದರೆ ಮನೆ ಹೇಗಿರುತ್ತದೆ?” ಎಂದು ಕೇಳಿದೆ. ತರಗತಿ ನಕ್ಕಿತು. ಹುಡುಗನೊಬ್ಬ ಒಂದು ಧರ್ಮದ ಹೆಸರೆತ್ತಿದ. ಮೂರನೇ ಬೆಂಚಿನ ಹುಡುಗಿ ತಗ್ಗಿಸಿದ ತಲೆಯನ್ನು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಬಂದ ಮೇಲೂ ‘ದೊಡ್ಡಮ್ಮ’, ‘ಚಿಕ್ಕಮ್ಮ’ ಎನ್ನುತ್ತಾ ಇಬ್ಬರು ತಾಯಂದಿರ ನಡುವೆ ಬೆಳೆಯುವ ಮಕ್ಕಳು ನಮ್ಮಲ್ಲೂ ಇದ್ದಾರೆಂಬುದನ್ನು ನಾನು ಮರೆತಿದ್ದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: “ಉದ್ದೇಶದಲ್ಲಿ ಹಕ್ಕು ಇದೆ, ಪ್ರಶ್ನೆಯಲ್ಲಿ ಇಲ್ಲ.”

‘ಬಿ’ ವಿಭಾಗ: ಪ್ರಶ್ನೆ ಬದಲಿಸಿದೆ. “ನಾಳೆಯಿಂದ ಶಾಲೆ ಬೇಡವೆಂದು ಊರಿನ ಹಿರಿಯರು ಹೇಳಿದರೆ ಏನೇನು ಕಳೆದುಕೊಳ್ಳುತ್ತೀರಿ?” ಗೆಳತಿಯರು, ಆಟ, ಎಸ್ಸೆಸ್ಸೆಲ್ಸಿ ಎಂದರು. ಹಿಂದಿನ ಸಾಲಿನಿಂದ ಒಬ್ಬಳು, “ಏನಾದ್ರೂ ಆದ್ರೆ ಹೇಳ್ಕೊಳ್ಳೋಕೆ ಯಾರೂ ಇರಲ್ಲ ಮಿಸ್” ಎಂದಳು. ಪಾಠ ಅಲ್ಲಿಂದಲೇ ಶುರುವಾಯಿತು.

ಕಪ್ಪುಹಲಗೆಯ ಮೇಲೆ:

1953: ಜುಲೈ 26ರಂದು ಪೊಲೀಸ್ ದಾಳಿ. ಸರ್ಕಾರ ಮಕ್ಕಳನ್ನು ವಶಕ್ಕೆ ಪಡೆಯಿತು. ಹಲವರು ಮನೆ ಸೇರಲು ಎರಡು ವರ್ಷ ಹಿಡಿಯಿತು. ಜನರ ಅನುಕಂಪ ಆ ಕುಟುಂಬಗಳತ್ತ ತಿರುಗಿತು.

2000: ಮಕ್ಕಳನ್ನು ಸರ್ಕಾರಿ ಶಾಲೆ ಬಿಡಿಸುವಂತೆ ಪಂಗಡದ ನಾಯಕರ ಆದೇಶ.

2011: ಅಪ್ರಾಪ್ತ ಬಾಲಕಿಯರ ಮೇಲಿನ ಲೈಂಗಿಕ ಅಪರಾಧಕ್ಕಾಗಿ ನಾಯಕ ವಾರೆನ್ ಜೆಫ್ಸ್‌ಗೆ ಜೀವಾವಧಿ ಶಿಕ್ಷೆ.

2014: ಅಲ್ಲಿನ ಹಿಲ್ಡೇಲ್‌ನಲ್ಲಿ ಮತ್ತೆ ಸರ್ಕಾರಿ ಶಾಲೆ.

“1953ರಲ್ಲಿ ಸರ್ಕಾರ ಮಾಡಿದ್ದು ಸರಿಯೇ?” ಎಂಬ ಚರ್ಚೆಯಲ್ಲಿ ತರಗತಿ ಎರಡಾಯಿತು. ತಾಯಿಯಿಂದ ಮಗುವನ್ನು ಕೀಳುವುದೂ ತಪ್ಪೆಂದು ಕೆಲವರು, ಸುಮ್ಮನಿರುವುದೂ ತಪ್ಪೆಂದು ಕೆಲವರು ವಾದಿಸಿದರು. ಆಗ ಸಂವಿಧಾನ ತೆರೆದೆವು: 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯ ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟಿದೆ, 21ಎ ವಿಧಿ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕು ಕೊಟ್ಟಿದೆ.

ಮೌಲ್ಯಮಾಪನ: ಶಾಲೆ ಬಿಡಿಸಿದ ಮಗುವನ್ನು ಮನೆಯಿಂದ ಬೇರ್ಪಡಿಸದೆ ಮತ್ತೆ ಶಾಲೆಗೆ ತರುವ ಎರಡು ಮಾರ್ಗಗಳನ್ನು ಬರೆಯಿರಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಮನೆಯ ಸ್ವರೂಪವನ್ನು ಮಗು ಆರಿಸಿಕೊಂಡಿರುವುದಿಲ್ಲ. ಅದನ್ನು ಪ್ರಶ್ನೆಯಾಗಿಸಬೇಡಿ, ಮಗುವಿಗೆ ಸಿಗದೆ ಹೋದದ್ದನ್ನು ಪ್ರಶ್ನೆಯಾಗಿಸಿ. ಅಂಥ ಮನೆಯ ಮಗು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು.