ಹೊಸ ಪೈಪು, ಸೋರುವ ಗೋಡೆ: ಪರಿಹಾರ ಪಡೆಯುವ ದಾರಿ

ಸ್ನಾನದ ಮನೆಯ ಪೈಪುಗಳನ್ನೆಲ್ಲ ಬದಲಿಸಿ, ಹೊಸ ಟೈಲ್ಸ್ ಹಾಕಿಸಿ ಆರು ತಿಂಗಳೂ ಆಗಿರುವುದಿಲ್ಲ. ಪಕ್ಕದ ಕೋಣೆಯ ಗೋಡೆಯಲ್ಲಿ ಬಣ್ಣ ಉಬ್ಬುತ್ತದೆ, ಒತ್ತಿದರೆ ಪುಡಿ ಉದುರುತ್ತದೆ, ವಾರ್ಡ್‌ರೋಬಿನ ಹಿಂಬದಿಗೆ ಬೂಷ್ಟು ಹಿಡಿದಿರುತ್ತದೆ. ಪ್ಲಂಬರ್‌ಗೆ ಫೋನ್ ಮಾಡಿದರೆ ಮೊದಲ ವಾರ ‘ನಾಳೆ ಬರ್ತೀನಿ ಸಾರ್’, ಎರಡನೇ ವಾರ ‘ಬೇರೆ ಸೈಟಲ್ಲಿದೀನಿ’, ಮೂರನೇ ವಾರ ಫೋನೇ ಎತ್ತುವುದಿಲ್ಲ. ಬೇಸತ್ತ ಮನೆಯವರು ಇನ್ನೊಬ್ಬರನ್ನು ಕರೆಸಿ, ಗೋಡೆ ಒಡೆಸಿ, ಮತ್ತೆ ದುಡ್ಡು ಸುರಿಯುತ್ತಾರೆ. ಪರಿಹಾರದ ದಾರಿ ಅಲ್ಲಿಗೇ ಅರ್ಧ ಮುಚ್ಚಿಹೋಗುತ್ತದೆ. ಕೆಟ್ಟ ಕೆಲಸಕ್ಕೆ ಸಾಕ್ಷಿ ಇದ್ದದ್ದೇ ಆ ಗೋಡೆಯೊಳಗೆ.

ಹಣ ಕೊಟ್ಟು ಮಾಡಿಸಿದ ಪ್ಲಂಬಿಂಗ್ ಕೆಲಸ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಂದು ಸೇವೆ. ಆ ಕೆಲಸ ಒಪ್ಪಿಕೊಂಡ ಮಟ್ಟದಲ್ಲಿ ಇಲ್ಲದಿದ್ದರೆ ಅದು ಸೇವಾ ನ್ಯೂನತೆ. ಪೂರ್ತಿ ಹಣ ಕೊಟ್ಟಿರಬೇಕೆಂದೇನೂ ಇಲ್ಲ. ಅರ್ಧ ಕೊಟ್ಟು ಉಳಿದದ್ದನ್ನು ಕೊಡುವುದಾಗಿ ಒಪ್ಪಿದ್ದರೂ ನೀವು ಗ್ರಾಹಕರೇ. ಮನೆ ಮಾಲೀಕರು ಮಾಡಿಸಿದ ಕೆಲಸದಿಂದ ಬಾಡಿಗೆದಾರರಿಗೆ ತೊಂದರೆಯಾದರೆ, ಮಾಲೀಕರ ಒಪ್ಪಿಗೆಯಿಂದ ಆ ಸೇವೆಯನ್ನು ಬಳಸುತ್ತಿರುವ ಅವರಿಗೂ ದೂರು ಕೊಡುವ ಹಕ್ಕಿದೆ. ಪುಕ್ಕಟೆ ಮಾಡಿಕೊಟ್ಟ ಕೆಲಸಕ್ಕೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ.

ಮೊದಲು, ತಪ್ಪು ಯಾರದ್ದೆಂದು ತಿಳಿಯಿರಿ

ಗೋಡೆ ಒದ್ದೆಯಾದ ಮಾತ್ರಕ್ಕೆ ತಪ್ಪು ಪ್ಲಂಬರ್‌ನದ್ದೇ ಆಗಬೇಕಿಲ್ಲ. ಈ ವಿಷಯದಲ್ಲಿ ಅವಸರ ಮಾಡಿದರೆ ನಿಮ್ಮ ಕೇಸೂ ಬೀಳುತ್ತದೆ, ಒಬ್ಬ ಕೆಲಸಗಾರನಿಗೆ ಅನ್ಯಾಯವೂ ಆಗುತ್ತದೆ. ನೀರು ಮೂರು ಕಡೆಯಿಂದ ಬರಬಹುದು: ಒತ್ತಡದಲ್ಲಿರುವ ನೀರಿನ ಪೈಪು, ಬಳಸಿದ ನೀರು ಹೊರಗೆ ಹೋಗುವ ಡ್ರೈನೇಜ್ ಪೈಪು, ಇಲ್ಲವೇ ನೆಲದ ವಾಟರ್‌ಪ್ರೂಫಿಂಗ್. ಮೊದಲೆರಡು ಪ್ಲಂಬರ್ ಕೆಲಸ. ಮೂರನೆಯದು ಸಾಮಾನ್ಯವಾಗಿ ಗಾರೆ ಮೇಸ್ತ್ರಿಯದ್ದೋ ವಾಟರ್‌ಪ್ರೂಫಿಂಗ್ ಮಾಡಿದವರದ್ದೋ ಆಗಿರುತ್ತದೆ.

ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಓವರ್‌ಹೆಡ್ ಟ್ಯಾಂಕಿಗೆ ನೀರು ಬರುವ ವಾಲ್ವ್ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಯಾರೂ ನೀರು ಬಳಸದೆಯೂ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಒತ್ತಡದ ಪೈಪನ್ನೇ ಮೊದಲು ಅನುಮಾನಿಸಬೇಕು. ಕಮೋಡಿನ ಫ್ಲಶ್ ಟ್ಯಾಂಕ್ ಸೋರುತ್ತಿಲ್ಲ ಎಂಬುದನ್ನಷ್ಟೇ ಖಚಿತಪಡಿಸಿಕೊಳ್ಳಿ. ಒತ್ತಡದ ಪೈಪು ಹಗಲು ರಾತ್ರಿ ಒಂದೇ ಸಮನೆ ಸೋರುತ್ತದೆ. ಸ್ನಾನ ಮಾಡಿದಾಗ, ಬಟ್ಟೆ ಒಗೆದಾಗ ಮಾತ್ರ ಒದ್ದೆ ಹೆಚ್ಚುತ್ತಿದ್ದರೆ ದೋಷ ಡ್ರೈನೇಜಿನಲ್ಲೋ ನೆಲದಲ್ಲೋ ಇದೆ. ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪಿಗೆ ನೇರವಾಗಿ ಬಣ್ಣ ಕಲಸಿದ ನೀರು ಸುರಿದು, ಅದೇ ಬಣ್ಣ ಕೆಳಗಿನ ಸೀಲಿಂಗಿನಲ್ಲಿ ಕಂಡರೆ ಡ್ರೈನೇಜ್ ಜೋಡಣೆ ಕೆಟ್ಟಿದೆ. ಟ್ರ್ಯಾಪನ್ನು ಮುಚ್ಚಿ ನೆಲದ ಮೇಲೆ ಒಂದು ದಿನ ನೀರು ನಿಲ್ಲಿಸಿದಾಗ ಕೆಳಗೆ ಇಳಿದರೆ ವಾಟರ್‌ಪ್ರೂಫಿಂಗ್ ಕಡೆ ನೋಡಬೇಕು.

ಪ್ಲಂಬಿಂಗ್ ಎಲ್ಲಿ ಕೆಡುತ್ತದೆ ಎಂದು ಗೊತ್ತಿದ್ದರೆ ಕೇಳುವ ಪ್ರಶ್ನೆ ಮೊನಚಾಗುತ್ತದೆ. ಸಿಪಿವಿಸಿ ಪೈಪಿಗೆ ಅದಕ್ಕೆಂದೇ ಇರುವ ಸಾಲ್ವೆಂಟ್ ಬಿಟ್ಟು ಪಿವಿಸಿಯದ್ದನ್ನು ಹಚ್ಚಿರುವುದು, ಅಂಟು ಹಿಡಿಯಲು ಬಿಡದೆ ನೀರು ಬಿಟ್ಟಿರುವುದು, ಗೀಸರಿನ ಬಿಸಿನೀರಿನ ಲೈನಿಗೆ ಮಾಮೂಲಿ ಪಿವಿಸಿ ಹಾಕಿರುವುದು, ಡ್ರೈನೇಜ್ ಪೈಪಿಗೆ ಇಳಿಜಾರು ಕೊಡದಿರುವುದು, ಪೈಪು ಹೊರಹೋಗುವ ಗೋಡೆಯ ರಂಧ್ರವನ್ನು ಸರಿಯಾಗಿ ಮುಚ್ಚದಿರುವುದು. ಎಲ್ಲಕ್ಕಿಂತ ದೊಡ್ಡ ಲೋಪವೆಂದರೆ ಗೋಡೆಗೆ ಪ್ಲಾಸ್ಟರ್ ಮಾಡುವ ಮುನ್ನ ಪಂಪಿನಿಂದ ಪ್ರೆಷರ್ ಟೆಸ್ಟ್ ಮಾಡದಿರುವುದು. ಆ ಪರೀಕ್ಷೆ ಮಾಡಿದ್ದರೆ ಜೋಡಣೆಯ ಬಹುಪಾಲು ದೋಷಗಳು ಟೈಲ್ಸ್ ಕೂರುವ ಮೊದಲೇ ಸಿಕ್ಕಿಬೀಳುತ್ತಿದ್ದವು. ‘ಪ್ರೆಷರ್ ಟೆಸ್ಟ್ ಮಾಡಿದಿರಾ, ಯಾವತ್ತು ಮಾಡಿದಿರಿ?’ ಎಂದು ವಾಟ್ಸ್ಆ್ಯಪಿನಲ್ಲಿ ಕೇಳಿ. ಉತ್ತರ ಏನೇ ಬರಲಿ, ಅದು ದಾಖಲೆಯಾಗುತ್ತದೆ.

ಪೈಪು, ಫಿಟ್ಟಿಂಗ್‌ಗಳನ್ನು ನೀವೇ ಅಂಗಡಿಯಿಂದ ತಂದುಕೊಟ್ಟಿದ್ದು, ಸೀಳಿದ್ದು ಪೈಪೇ ಆಗಿದ್ದರೆ ಹೊಣೆ ತಯಾರಕ ಕಂಪನಿ ಮತ್ತು ಮಾರಾಟಗಾರರ ಕಡೆ ಹೋಗುತ್ತದೆ. ಸಾಮಾನು ಸಮೇತ ಗುತ್ತಿಗೆ ಕೊಟ್ಟಿದ್ದರೆ ಎರಡಕ್ಕೂ ಗುತ್ತಿಗೆದಾರನೇ ಉತ್ತರ ಹೇಳಬೇಕು.

ಒಡೆಯುವ ಮುನ್ನ ದಾಖಲೆ

ಒದ್ದೆ ಜಾಗದ ಫೋಟೊ, ವಿಡಿಯೊ ತೆಗೆಯಿರಿ. ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಒಂದು. ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ತೆಗೆದರೆ ಹಾನಿ ಹರಡಿದ್ದು ಕಾಣುತ್ತದೆ. ಫೋನಿನಲ್ಲಿರುವ ಮೂಲ ಫೈಲುಗಳನ್ನು ಅಳಿಸಬೇಡಿ. ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆದ ಪ್ರತಿಯಲ್ಲಿ ದಿನಾಂಕದ ವಿವರ ಉಳಿಯುವುದಿಲ್ಲ.

ಬಿಲ್ ಇಲ್ಲವಲ್ಲ ಎಂದು ಕೊರಗುವವರೇ ಹೆಚ್ಚು. ಹಾಳೆಯ ಮೇಲೆ ಪ್ಲಂಬರ್ ಬರೆದುಕೊಟ್ಟ ಅಂದಾಜು ಪಟ್ಟಿ, ಯುಪಿಐ ಪಾವತಿಯ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್, ‘ಅಡ್ವಾನ್ಸ್ ಬಂತು’ ಎಂಬ ಮೆಸೇಜು, ಹಾರ್ಡ್‌ವೇರ್ ಅಂಗಡಿಯ ರಸೀದಿ, ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರ್, ಇವೆಲ್ಲ ಸೇರಿ ಬಿಲ್ಲಿನ ಕೆಲಸ ಮಾಡುತ್ತವೆ. ಪೂರ್ತಿ ನಗದು ಕೊಟ್ಟಿದ್ದರೆ, ಕೊಟ್ಟ ಮೊತ್ತ ಮತ್ತು ದಿನಾಂಕವನ್ನು ಹೇಳಿ ಈಗಲೇ ಒಂದು ಮೆಸೇಜು ಕಳಿಸಿ. ಅದನ್ನು ನೋಡಿಯೂ ಅವರು ಅಲ್ಲಗಳೆಯದಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಇನ್ನೊಂದು ತೊಡಕು ವಿಳಾಸದ್ದು. ಫೋನಿನಲ್ಲಿ ‘ಮಂಜು ಪ್ಲಂಬರ್’ ಎಂದಷ್ಟೇ ಇದ್ದರೆ ನೋಟಿಸ್ ಯಾರಿಗೆ ಕಳಿಸುವುದು? ಯುಪಿಐ ಪಾವತಿಯಲ್ಲಿ ಬ್ಯಾಂಕಿನಲ್ಲಿರುವ ಹೆಸರು ಸಿಗುತ್ತದೆ. ಬಿಲ್ಲಿನ ಮೇಲೆ ಜಿಎಸ್‌ಟಿ ಸಂಖ್ಯೆಯಿದ್ದರೆ ಜಿಎಸ್‌ಟಿ ಜಾಲತಾಣದಲ್ಲಿ ವ್ಯವಹಾರದ ಹೆಸರು, ಸ್ಥಳ ನೋಡಬಹುದು. ಸಾಮಾನು ತರುವ ಹಾರ್ಡ್‌ವೇರ್ ಅಂಗಡಿಯವರಿಗೆ ಮನೆ ಗೊತ್ತಿರುತ್ತದೆ.

ನಂತರ ಈ ಕೆಲಸಕ್ಕೆ ಸಂಬಂಧವಿಲ್ಲದ ಮತ್ತೊಬ್ಬ ಅನುಭವಿ ಪ್ಲಂಬರ್ ಅಥವಾ ಸಿವಿಲ್ ಎಂಜಿನಿಯರ್‌ರಿಂದ ಪರಿಶೀಲನೆ ಮಾಡಿಸಿ. ದೋಷ ಏನು, ಕಾರಣ ಏನು, ಸರಿಪಡಿಸಲು ಎಷ್ಟಾಗುತ್ತದೆ ಎಂಬುದನ್ನು ಸಹಿ, ದಿನಾಂಕದೊಂದಿಗೆ ಬರೆಸಿಕೊಳ್ಳಿ. ಬಾಯಿಮಾತಿನ ಅಭಿಪ್ರಾಯ ಗ್ರಾಹಕರ ಆಯೋಗದ ಮುಂದೆ ನಿಲ್ಲುವುದಿಲ್ಲ.

ನೀರು ಧಾರೆಯಾಗಿ ಸುರಿಯುತ್ತಿದ್ದರೆ, ಸ್ವಿಚ್ ಬೋರ್ಡಿಗೆ ತಾಗುತ್ತಿದ್ದರೆ ಕಾಯಬೇಡಿ. ಮೇನ್ ಆಫ್ ಮಾಡಿ, ವಾಲ್ವ್ ಮುಚ್ಚಿ, ತಕ್ಷಣ ರಿಪೇರಿ ಮಾಡಿಸಿ. ತಡೆಯಬಹುದಾಗಿದ್ದ ನಷ್ಟವನ್ನು ನೋಡುತ್ತ ಕುಳಿತವರಿಗೆ ಅದರ ಪರಿಹಾರ ಸಿಗದು. 1872ರ ಕರಾರು ಕಾಯ್ದೆಯ 73ನೇ ಕಲಮಿನ ವಿವರಣೆಯೂ ಈ ಅಂಶವನ್ನು ಲೆಕ್ಕಕ್ಕೆ ಹಿಡಿಯಬೇಕೆನ್ನುತ್ತದೆ. ಗೋಡೆ ಒಡೆಯುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿ. ಬಿಚ್ಚಿದ ಎಲ್ಬೋ, ಟೀ, ಪೈಪಿನ ತುಂಡನ್ನು ಚೀಲದಲ್ಲಿ ಕಟ್ಟಿ, ದಿನಾಂಕ ಬರೆದು ಎತ್ತಿಡಿ. ಗುಜರಿಗೆ ಹೋದ ತುಂಡಿನ ಜೊತೆ ಎಷ್ಟೋ ಕೇಸುಗಳು ಹೋಗಿವೆ.

ಸರಿಪಡಿಸಲು ಅವಕಾಶ ಕೊಡಿ, ಆದರೆ ಬರವಣಿಗೆಯಲ್ಲಿ

ಹಣ ವಾಪಸು ಕೇಳುವ ಮೊದಲು ತಪ್ಪು ತಿದ್ದಿಕೊಳ್ಳಲು ಒಂದು ಅವಕಾಶ ಕೊಡುವುದು ನ್ಯಾಯ. ಬಹಳಷ್ಟು ಪ್ರಕರಣಗಳು ಇಲ್ಲಿಯೇ ಮುಗಿಯುತ್ತವೆ, ಮುಗಿಯಬೇಕು ಕೂಡ. ಕೋಪದಲ್ಲಿ ಅವರ ಡ್ರಿಲ್ಲಿಂಗ್ ಮೆಷಿನ್ ಕಿತ್ತಿಟ್ಟುಕೊಳ್ಳುವುದು, ಗಾಡಿ ಕೀಲಿ ತೆಗೆದುಕೊಳ್ಳುವುದು ಬೇಡವೇ ಬೇಡ. ಅದು ಅವರ ಹೊಟ್ಟೆಪಾಡಿನ ಸಲಕರಣೆ. ಪೊಲೀಸ್ ದೂರಾದರೆ ತಪ್ಪಿತಸ್ಥರು ನೀವಾಗುತ್ತೀರಿ.

ಪತ್ರ ಹೀಗಿದ್ದರೆ ಸಾಕು:

‘ಇವರಿಗೆ, ಶ್ರೀ …… ನಮ್ಮ ಮನೆಯ ಸ್ನಾನದ ಮನೆ ಪ್ಲಂಬಿಂಗ್ ಕೆಲಸವನ್ನು ದಿನಾಂಕ …… ರಂದು ನೀವು ಮುಗಿಸಿರುತ್ತೀರಿ. ಇದಕ್ಕಾಗಿ ಒಟ್ಟು ರೂ. …… ಪಾವತಿಸಿರುತ್ತೇನೆ. ದಿನಾಂಕ …… ರಿಂದ …… ಗೋಡೆಯಲ್ಲಿ ನೀರು ಸೋರುತ್ತಿದೆ. ಪರಿಶೀಲನಾ ವರದಿ, ಫೋಟೊಗಳನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ನಿಮ್ಮ ಖರ್ಚಿನಲ್ಲಿ ದೋಷ ಸರಿಪಡಿಸಿ, ಹಾಳಾದ ಟೈಲ್ಸ್ ಮತ್ತು ಬಣ್ಣವನ್ನು ಮೊದಲಿನಂತೆ ಮಾಡಿಕೊಡಬೇಕು. ತಪ್ಪಿದಲ್ಲಿ ಬೇರೆಯವರಿಂದ ಮಾಡಿಸಿ, ಅದರ ವೆಚ್ಚ ಹಾಗೂ ನನಗಾದ ನಷ್ಟವನ್ನು ನಿಮ್ಮಿಂದ ವಸೂಲು ಮಾಡಲು ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.’

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ವಿವರ ಇಟ್ಟುಕೊಳ್ಳಿ. ಪಿಡಿಎಫ್ ಮಾಡಿ ವಾಟ್ಸ್ಆ್ಯಪಿನಲ್ಲೂ ಕಳಿಸಿ. ವಕೀಲರ ನೋಟಿಸ್ ಕಡ್ಡಾಯವಲ್ಲ. ರಿಪೇರಿಗೆ ಬಂದರೆ, ಮುಗಿದ ಮೇಲೆ ಪ್ರೆಷರ್ ಟೆಸ್ಟ್ ಮಾಡಿಸಿ ನೋಡಿದ ನಂತರವೇ ಟೈಲ್ಸ್ ಮುಚ್ಚಲು ಬಿಡಿ.

ಆ್ಯಪ್ ಮೂಲಕ ಪ್ಲಂಬರ್‌ನನ್ನು ಕರೆಸಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇಂಥ ಕಂಪನಿಗಳ ವಿಷಯದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಹೆಚ್ಚು ಉಪಯೋಗಕ್ಕೆ ಬರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೊಸ ಫ್ಲ್ಯಾಟಿನಲ್ಲಿ ಬಿಲ್ಡರ್ ಹಾಕಿಸಿದ ಪೈಪೇ ಸೋರುತ್ತಿದ್ದರೆ ದಾರಿ ಬೇರೆ. ರೇರಾ ಕಾಯ್ದೆಯ 14ನೇ ಕಲಮಿನಡಿ, ಫ್ಲ್ಯಾಟ್ ಕೈಗೆ ಬಂದ ಐದು ವರ್ಷದೊಳಗೆ ಕಂಡ ಕಾಮಗಾರಿ ದೋಷವನ್ನು ಗಮನಕ್ಕೆ ತಂದ 30 ದಿನಗಳಲ್ಲಿ ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕು.

ಎಷ್ಟು ಕೇಳಬೇಕು?

ಸಿಟ್ಟಿಗೆ ಬಂದ ಅಂಕಿ ಬರೆಯಬೇಡಿ. ರಸೀದಿ ತೋರಿಸಬಲ್ಲ ಅಂಕಿ ಬರೆಯಿರಿ. ಎರಡು ಸ್ನಾನದ ಮನೆಗೆ 1,20,000 ರೂಪಾಯಿ ಕೊಟ್ಟು ಒಂದರಲ್ಲಿ ಸೋರಿಕೆಯಾಗಿದೆ ಎಂದುಕೊಳ್ಳಿ. ಬೇರೆಯವರಿಂದ ಸರಿಪಡಿಸಲು 28,000, ಗೋಡೆಯ ಪ್ಲಾಸ್ಟರ್ ಮತ್ತು ಬಣ್ಣಕ್ಕೆ 9,000, ವಾರ್ಡ್‌ರೋಬ್ ಹಲಗೆಗೆ 12,000, ಪರಿಶೀಲನೆಗೆ 2,500. ಒಟ್ಟು 51,500 ನೇರ ನಷ್ಟ. ರಿಪೇರಿ ವೆಚ್ಚವನ್ನು ಕೇಳಿ, ಅದೇ ಕೆಲಸದ ಪೂರ್ತಿ ಕೂಲಿಯನ್ನೂ ವಾಪಸು ಕೇಳಿದರೆ ಒಂದೇ ನಷ್ಟವನ್ನು ಎರಡು ಸಲ ಕೇಳಿದಂತೆ. ಹಳೆಯ ಟೈಲ್ಸಿಗಿಂತ ದುಬಾರಿಯದ್ದು ಹಾಕಿಸಿ ಅದರ ವ್ಯತ್ಯಾಸ ಕೇಳುವುದೂ ಸಲ್ಲದು. ಕೆಳಗಿನ ಮನೆಯವರಿಗೆ ನೀವು ನಷ್ಟ ತುಂಬಿಕೊಟ್ಟಿದ್ದರೆ ರಸೀದಿ ಪಡೆದು ಇದಕ್ಕೆ ಸೇರಿಸಿ. ಮಾನಸಿಕ ಯಾತನೆ, ದೂರಿನ ಖರ್ಚುಗಳನ್ನು ಬೇರೆಯಾಗಿ ಕೇಳಬಹುದು. ಎಷ್ಟು ಕೊಡಬೇಕೆಂಬುದು ಆಯೋಗದ ವಿವೇಚನೆ.

ಯಾರ ಮೇಲೆ ಎಂಬುದೂ ಮುಖ್ಯ. ಕೆಲಸ ಒಪ್ಪಿಕೊಂಡು ಹಣ ಪಡೆದ ಗುತ್ತಿಗೆದಾರನೇ ಎದುರುದಾರ. ಅವನು ಕಳಿಸಿದ ಹುಡುಗರನ್ನು ಎಳೆಯಬೇಕಿಲ್ಲ. ದಿನಗೂಲಿಗೆ ಕರೆದು, ಪಕ್ಕದಲ್ಲಿ ನಿಂತು ನೀವು ಹೇಳಿದಂತೆ ಮಾಡಿಸಿಕೊಂಡಿದ್ದರೆ, ಅದು ಯಜಮಾನ-ನೌಕರ ಸಂಬಂಧ, ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರುವುದಿಲ್ಲ ಎಂಬ ವಾದ ಏಳಬಹುದು. ಅಂಥ ಕೆಲಸಗಾರನ ವಿಷಯದಲ್ಲಿ ಮಾತುಕತೆಯೇ ಮೇಲು.

ಆಯೋಗದ ಮುಂದೆ

15 ದಿನ ಕಳೆದರೂ ಉತ್ತರವಿಲ್ಲದಿದ್ದರೆ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗೆ ಇರುವ ಪ್ರಕರಣಗಳು ಜಿಲ್ಲಾ ಆಯೋಗದ್ದೇ. ಈ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವೇ ಇಲ್ಲ, ಮನೆಯ ಪ್ಲಂಬಿಂಗ್ ಕೆಲಸಗಳಲ್ಲಿ ಹೆಚ್ಚಿನವು ಇದರೊಳಗೇ ಬರುತ್ತವೆ. ದೂರನ್ನು ಕನ್ನಡದಲ್ಲಿ ಬರೆಯಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ನಡೆದದ್ದನ್ನು ದಿನಾಂಕದ ಕ್ರಮದಲ್ಲಿ ಬರೆದು, ದಾಖಲೆಗಳಿಗೆ ಸಂಖ್ಯೆ ಕೊಟ್ಟು, ಅಫಿಡವಿಟ್ ಜೊತೆಗೆ ಕಚೇರಿಯಲ್ಲಾಗಲಿ, ಇ-ಜಾಗೃತಿ ಜಾಲತಾಣದಲ್ಲಾಗಲಿ ಸಲ್ಲಿಸಿ. ಗಡುವು ಎರಡು ವರ್ಷ. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಮನ್ನಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಅದನ್ನು ನಂಬಿ ಕೂರಬೇಡಿ.

ದೂರನ್ನು ಅಂಗೀಕರಿಸಬೇಕೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನಗಳಲ್ಲಿ ತೀರ್ಮಾನಿಸುತ್ತದೆ. ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹಳೆಯ ಕಾಯ್ದೆಯ ಇಂಥದ್ದೇ ನಿಯಮದ ಬಗ್ಗೆ ತೀರ್ಪಿತ್ತಿದೆ. ಗೋಡೆ ಇನ್ನೂ ಒಡೆದಿಲ್ಲವಾದರೆ, ಸ್ಥಳ ಪರಿಶೀಲನೆಗೆ ಕಮಿಷನರ್ ಒಬ್ಬರನ್ನು ನೇಮಿಸಿ ಎಂದು ಅರ್ಜಿ ಹಾಕಿ. ಮಧ್ಯಸ್ಥಿಕೆಗೆ ಕಳಿಸಿದರೆ ಮನಸ್ಸು ಬಿಚ್ಚಿ ಕುಳಿತುಕೊಳ್ಳಿ. ಕಂತಿನಲ್ಲಿ ಕೊಡುವುದಾಗಿ ಒಪ್ಪಿದರೂ ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಕಾಯ್ದೆ ಮೂರರಿಂದ ಐದು ತಿಂಗಳಲ್ಲಿ ಮುಗಿಸಿ ಎನ್ನುತ್ತದೆ, ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ.

ಆದೇಶ ನಿಮ್ಮ ಪರ ಬಂದಮೇಲೂ ಹಣ ಕೊಡದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೇ ಕಲಮಿನಡಿ ಸಿವಿಲ್ ಡಿಕ್ರಿಯಂತೆ ವಸೂಲು ಮಾಡಿಸಬಹುದು. ಆದೇಶ ಪಾಲಿಸದವರಿಗೆ 72ನೇ ಕಲಮು ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ದೂರು ಬರೆಯಲು ನೆರವು ಬೇಕಿದ್ದರೆ ನಿಮ್ಮ ಜಿಲ್ಲೆಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.